ತೋಳಮನುಷ್ಯನ ಹೆಂಡತಿ

ಟೆಲಿವಿಷನ್ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಟೈಪಮ್ಮ ಎಂದೇ ಕರೆಯುತ್ತಿದ್ದರು. ಟೈಪಿಸ್ಟಾಗಿ ಸೇರಿ, ಬೇರೆಯವರು ಬರೆದ ನಾಟಕಗಳನ್ನು ಬೆರಳು ನೋಯುವಷ್ಟು ಬಡಿದು ಬಡಿದು, ಕೊನೆಗೊಂದು ದಿನ ಇದಕ್ಕಿಂತ ನಾನೇ ವಾಸಿ ಎಂದು ಬರೆಯಲು ಕೂತವಳು. ಬರೆದದ್ದು ಪ್ರಸಾರವಾಗಿ ಜನ ಮೆಚ್ಚಿದರೂ ಅಡ್ಡಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಅವಳಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ಮದುವೆಯಾಗದೆ, ಅಪ್ಪ ಅಮ್ಮನ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದುಕೊಂಡು, ತನ್ನ ಪಾಡಿಗೆ ತಾನು ಕೆಲಸ ಮಾಡುವ ಹೆಂಗಸು.

ಆಗ ಇದ್ದದ್ದು ಒಂದೇ ಚಾನೆಲ್. ಬೀದಿಗೆ ಒಂದೋ ಎರಡೋ ಮನೆಯಲ್ಲಿ ಟೀವಿ, ಅದೂ ಕಪ್ಪು-ಬಿಳುಪು. ಗುರುವಾರ ಸಂಜೆಗೆ ಮೈ ಜುಮ್ಮೆನ್ನಿಸುವಂಥ ಒಂದು ಧಾರಾವಾಹಿ ಬೇಕು ಎಂದು ಮೇಲಿನವರು ನಿರ್ದೇಶಕನಿಗೆ ಹೇಳಿದ್ದರು. ಆತ ಸಿಗರೇಟು ಆರಗೊಡದ, ತೆಳ್ಳಗಿನ, ಸದಾ ಅವಸರದ ಮನುಷ್ಯ. ಬರೆಯುವವರೆಲ್ಲ ಹೊತ್ತು ತಂದದ್ದು ಅದೇ ಬಿಳಿ ಬಟ್ಟೆಯ ಹೆಂಗಸು, ಅದೇ ಪಾಳುಬಂಗಲೆ. ಆತ ಒಂದೊಂದನ್ನೂ ನೋಡಿ ಮೂಗು ಮುರಿದ. ಟೈಪಮ್ಮನ ಸರದಿ ಬಂದಾಗ ಅವಳು ಹುಣ್ಣಿಮೆಗೆ ತೋಳವಾಗುವ ಮನುಷ್ಯನ ಕತೆ ಹೇಳಿದಳು. ತೋಳವೆಂದರೆ ಕಾಡು, ಬೆಟ್ಟ, ಹೊರಾಂಗಣ, ಅಷ್ಟೆಲ್ಲ ನಮ್ಮ ಕೈಲಾಗುವ ಮಾತಲ್ಲ ಎಂದು ಆತ ರಾಗ ಎಳೆದ.

"ಕಾಡು ಬೇಡ ಸಾರ್. ಮನೇಲೇ ಇರ್ಲಿ. ಹೆಂಡತಿ ಮಗು ಇರೋ ಮನುಷ್ಯ. ಹಗಲು ಎಲ್ಲರಿಗೂ ಬೇಕಾದವನು. ಅವನು ಏನು ಅಂತ ಗೊತ್ತಿರೋದು ಹೆಂಡತಿ ಒಬ್ಬಳಿಗೇ."

ನಿರ್ದೇಶಕ ಅರ್ಧ ಸಿಗರೇಟನ್ನು ಹಾಗೇ ಒತ್ತಿ ಆರಿಸಿದ. ಹೆದರಿಕೆ ಹೊರಗಿನಿಂದ ಬರುವುದಲ್ಲ, ಊಟದ ಮೇಜಿನಲ್ಲಿ ಎದುರಿಗೇ ಕೂತಿರುತ್ತದೆ ಎಂದು ತನ್ನದೇ ಮಾತೆಂಬಂತೆ ನಾಲ್ಕು ಜನರಿಗೆ ಹೇಳಿಕೊಂಡು ತಿರುಗಾಡಿದ. ಕೊನೆಯ ಕಂತಿನಲ್ಲಿ ಹೆಂಡತಿಯೇ ಬಂದೂಕು ಎತ್ತಿ ತೋಳವನ್ನು ಕೊಲ್ಲುತ್ತಾಳೆ ಎಂಬುದಕ್ಕೂ ಒಪ್ಪಿಗೆ ಸಿಕ್ಕಿತು.

ಆ ಕತೆ ಅವಳಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಅದು ಬಂದದ್ದು ಮನೆಯಿಂದ. ಅವಳ ಅಪ್ಪ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತನಾದವನು. ಈಗ ಬೀದಿಗೆಲ್ಲ ಅಜ್ಜ. ಮಕ್ಕಳ ಮುರಿದ ಆಟಿಕೆ ಅಂಟಿಸಿ ಕೊಡುವುದು, ಪಕ್ಕದ ಮನೆಯ ನಲ್ಲಿ ಸೋರಿದರೆ ಸ್ಪ್ಯಾನರ್ ಹಿಡಿದು ಓಡುವುದು. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅಕ್ಕಪಕ್ಕದವರು ಅವಳ ಅಮ್ಮನಿಗೆ ಹೇಳಿದಾಗಲೆಲ್ಲ ಅಮ್ಮ ಎಡಗಿವಿಯನ್ನು ಅವರತ್ತ ತಿರುಗಿಸಿ ಇನ್ನೊಮ್ಮೆ ಹೇಳಿ ಎನ್ನುತ್ತಿದ್ದಳು. ಬಲಗಿವಿ ಕೇಳಿಸುತ್ತಿರಲಿಲ್ಲ. ಟೈಪಮ್ಮ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಬಿದ್ದ ಒಂದು ಏಟಿಗೆ ಅದು ಹೋಗಿತ್ತು.

ಅಪ್ಪ ಕುಡಿಯುತ್ತಿರಲಿಲ್ಲ. ಕುಡಿದಿದ್ದರೆ ಅದರ ಮೇಲಾದರೂ ತಪ್ಪು ಹೊರಿಸಬಹುದಿತ್ತು. ಏನೋ ಒಂದು ಬರುತ್ತಿತ್ತು ಅವನಿಗೆ. ಮಾತು ನಿಲ್ಲುತ್ತಿತ್ತು, ಕಿವಿ ಕೆಂಪಾಗುತ್ತಿತ್ತು, ಆಮೇಲೆ ಕೈಗಡಿಯಾರ ಬಿಚ್ಚಿ ಕಪಾಟಿನ ಮೇಲೆ ಇಡುತ್ತಿದ್ದ. ಪಟ್ಟಿ ಮಡಚಿ, ಗಾಜು ಮೇಲ್ಮುಖವಾಗಿ, ಗೀರು ಬೀಳದ ಹಾಗೆ. ಟಕ್ ಎಂಬ ಆ ಸಣ್ಣ ಸದ್ದು ಕೇಳಿದರೆ ಸಾಕು, ಹುಡುಗಿ ಮಂಚದ ಕೆಳಗೆ. ಮರುದಿನ ಬೆಳಿಗ್ಗೆ ಅವನು ಹೆಂಡತಿಯ ಮುಂದೆ ಕೂತು ಅಳುತ್ತಿದ್ದ. ನನ್ನ ಕೈಲಿರಲ್ಲ ಕಣೇ, ಆ ಹೊತ್ತಿಗೆ ನಾನು ನಾನಾಗಿರಲ್ಲ ಎನ್ನುತ್ತಿದ್ದ. ಅಮ್ಮ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ವರ್ಷಗಳ ಮೇಲೆ ಅದು ನಿಂತದ್ದು ಪಶ್ಚಾತ್ತಾಪದಿಂದಲ್ಲ, ಬಲಭುಜ ಹಿಡಿದುಕೊಂಡು ಕೈ ಮೇಲೇಳದೆ ಹೋದದ್ದರಿಂದ.

ಟೈಪಮ್ಮ ಆ ಗಡಿಯಾರವನ್ನು ಧಾರಾವಾಹಿಗೆ ಹಾಕಿದಳು. ಮೈಮೇಲೆ ರೋಮ ಏಳುವ ಮುಂಚೆ ತೋಳಮನುಷ್ಯ ತನ್ನ ಕೈಗಡಿಯಾರ ಬಿಚ್ಚಿ ಜೋಪಾನವಾಗಿ ಎತ್ತಿಡುತ್ತಾನೆ. ನಿರ್ದೇಶಕನಿಗೆ ಅದು ತಮಾಷೆಯಾಗಿ ಕಂಡಿತು, ಮಣಿಕಟ್ಟು ದಪ್ಪಗಾದರೆ ಪಟ್ಟಿ ಕಿತ್ತುಹೋಗುತ್ತಲ್ಲ, ಸರಿಯಾಗಿದೆ ಎಂದ. ಅವಳು ಏನನ್ನೂ ವಿವರಿಸಲಿಲ್ಲ. ತಾನು ಏನು ಮಾಡಲಿದ್ದೇನೆ ಎಂದು ತೋಳಮನುಷ್ಯನಿಗೆ ಚೆನ್ನಾಗಿ ಗೊತ್ತು ಎಂದು ನೋಡುವವರಿಗೆ ತಿಳಿದರೆ ಸಾಕಾಗಿತ್ತು ಅವಳಿಗೆ.

ಚಿತ್ರೀಕರಣದ ಕೋಣೆಯೋ ಬೆಂಕಿಪೆಟ್ಟಿಗೆ. ಪ್ಲೈವುಡ್ಡಿನ ಗೋಡೆ, ಬಾಗಿಲು ಜೋರಾಗಿ ಹಾಕಿದರೆ ಇಡೀ ಮನೆ ನಡುಗುತ್ತಿತ್ತು. ಚಂದ್ರನೆಂದರೆ ಹಿಂದೆ ಬಲ್ಬು ಹೊತ್ತಿಸಿದ ರಟ್ಟು. ತೋಳನ ಪಾತ್ರಕ್ಕೆ ಸಿಕ್ಕವನು ಅಲ್ಲಿಯವರೆಗೆ ಬಡ ಗುಮಾಸ್ತ, ಮೋಸಹೋದ ತಮ್ಮ, ಇಂಥವೇ ಪಾತ್ರ ಮಾಡಿಕೊಂಡಿದ್ದ ಸಾಧು ನಟ. ಮೇಕಪ್ಪಿನವನು ಒಂದೊಂದೇ ಎಳೆ ಕೂದಲನ್ನು ಗೋಂದು ಹಚ್ಚಿ ಮುಖಕ್ಕೆ ಅಂಟಿಸುತ್ತಿದ್ದ. ಅಂಟಿಸಿದ ಮೇಲೆ ಪಾಪದವನಿಗೆ ನಗುವ ಹಾಗಿಲ್ಲ, ತಿನ್ನುವ ಹಾಗಿಲ್ಲ, ಹೀರುಕೊಳವೆಯಲ್ಲಿ ನೀರು ಕುಡಿಯಬೇಕು. ಮುಖದಲ್ಲಿ ಅಲುಗಾಡಲು ಉಳಿದದ್ದು ಕಣ್ಣು ಎರಡೇ. ಅವು ಯಾವಾಗಲೂ ಇನ್ನೇನು ತುಂಬಿ ಬರುವಂತಿದ್ದವು. ಆ ಕಣ್ಣೇ ಮುಂದೆ ಎಲ್ಲ ಕೆಡಿಸುತ್ತದೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಮೊದಲ ಕಂತಿನ ಸಂಜೆ ಇವರ ಮನೆಯ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ ಬಂದವರಿಗೆಲ್ಲ ಚಾಪೆ ಹಾಸಿ, ತನ್ನ ಕುರ್ಚಿಯಲ್ಲಿ ಕೂತ. ಅಮ್ಮ ಎಂದಿನಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪರದೆಯ ಮೇಲೆ ಗಂಡ ಮಗುವಿನ ತಲೆ ಸವರಿದ, ಪಾತ್ರೆ ತೊಳೆಯಲು ಹೆಂಡತಿಗೆ ಕೈಜೋಡಿಸಿದ. ಆಮೇಲೆ ಮಾತು ನಿಲ್ಲಿಸಿದ. ಕಿಟಕಿಯಲ್ಲಿ ರಟ್ಟಿನ ಚಂದ್ರ ಬಂತು. ಅವನು ಗಡಿಯಾರ ಬಿಚ್ಚಿ, ಪಟ್ಟಿ ಮಡಚಿ, ಕಪಾಟಿನ ಮೇಲಿಟ್ಟ.

ಟೈಪಮ್ಮ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಒಂದು ಗೆರೆಯೂ ಅಲುಗಲಿಲ್ಲ. ಒಳ್ಳೆ ಗಡಿಯಾರವಪ್ಪ, ಜೋಪಾನ ಮಾಡಬೇಕಾದ್ದೇ ಎಂದು ಪಕ್ಕದವರಿಗೆ ಹೇಳಿದನಷ್ಟೆ. ಆದರೆ ಅಡುಗೆಮನೆಯ ಬಾಗಿಲಲ್ಲಿ ಒಂದು ಚಮಚ ನೆಲಕ್ಕೆ ಬಿತ್ತು. ಅವಳು ತಿರುಗಿ ನೋಡಿದಾಗ ಅಮ್ಮ ಟೀವಿ ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದಳು. ಆಮೇಲೆ ತೋಳ ಬಾಗಿಲು ಒಡೆಯಿತು. ಕೋಣೆಯ ತುಂಬ ಚೀರಾಟ. ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರೇ ಮನೆಗೆ ಹೋಗಲು ಒಪ್ಪಲಿಲ್ಲ, ಅಪ್ಪನೇ ಕೈಹಿಡಿದು ಬಿಟ್ಟುಬಂದ.

ಮರುದಿನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, ಕೊನೆಗೆ ಏನಾಗುತ್ತದೆ ಎಂದು. ಹೆಂಡತಿ ಅವನನ್ನು ಕೊಲ್ಲುತ್ತಾಳೆ ಎಂದಳು ಮಗಳು. ಅಮ್ಮ ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿ, ಎಲ್ಲರೂ ನೋಡ್ತಾರಾ ಎಂದಳು. ಎಲ್ಲರೂ ನೋಡ್ತಾರೆ ಎಂದಳು ಮಗಳು.

ಅಲ್ಲಿಂದ ಅಮ್ಮ ಗುರುವಾರಗಳಿಗೆ ಕಾಯತೊಡಗಿದಳು. ಜೀವಮಾನದಲ್ಲಿ ಮೊದಲ ಸಲ ಅಡುಗೆಮನೆ ಬಿಟ್ಟು ಮುಂದಿನ ಸಾಲಿನಲ್ಲಿ, ಕೇಳುವ ಕಿವಿಯನ್ನು ಟೀವಿಗೆ ಕೊಟ್ಟು ಕೂತಳು. ಗುಸುಗುಟ್ಟಿದವರನ್ನು ಗದರಿಸಿದಳು. ವಾರದ ಮಧ್ಯೆ, ಅಪ್ಪ ಹೊರಗೆ ಹೋದ ಹೊತ್ತು ನೋಡಿ, ಮಗಳು ಬರೆಯುವ ಜಾಗಕ್ಕೆ ಬಂದು ನಿಲ್ಲುತ್ತಿದ್ದಳು. ತನ್ನ ಮಾತು ಎಂದು ಎಂದೂ ಹೇಳಲಿಲ್ಲ, ಆ ಹೆಂಗಸು ಎಂದೇ ಹೇಳುತ್ತಿದ್ದಳು. ಆ ಹೆಂಗಸು ಬಾಗಿಲ ಚಿಲಕಕ್ಕೆ ಎಣ್ಣೆ ಹಾಕಿಟ್ಟಿರುತ್ತಾಳೆ, ಸದ್ದಾಗಬಾರದಲ್ಲ. ಆ ಹೆಂಗಸು ಮುಖಕ್ಕಿಂತ ಹೆಚ್ಚಾಗಿ ಕೈ ಮುಚ್ಚಿಟ್ಟುಕೊಳ್ಳುತ್ತಾಳೆ, ಕೈ ಊದಿದರೆ ಕೆಲಸ ನಿಲ್ಲುತ್ತೆ. ಆ ಹೆಂಗಸು ಒಂದು ಸಲ ಮಗೂನ ಎತ್ಕೊಂಡು ಬಸ್ ನಿಲ್ದಾಣದವರೆಗೂ ಹೋಗಿರುತ್ತಾಳೆ, ಯಾವ ಬಸ್ಸು ಹತ್ತಬೇಕು ಅಂತ ತಿಳಿಯದೆ ವಾಪಸು ಬಂದಿರುತ್ತಾಳೆ. ಕೊನೆಯದು ಟೈಪಮ್ಮನಿಗೆ ಗೊತ್ತಿರಲಿಲ್ಲ. ಆ ಮಗು ತಾನೇ ಎಂದು ಹೊಳೆದಾಗ ಅವಳ ಬೆರಳು ಕೀಲಿಗಳ ಮೇಲೆ ಹಾಗೇ ನಿಂತವು. ಮುಂದೆ ಹೇಳಮ್ಮ ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ಅಮ್ಮ ಒಲೆಯ ಮೇಲೆ ಹಾಲಿದೆ ಎಂದು ಹೋಗಿಬಿಟ್ಟಳು.

ಅವರಿಬ್ಬರೂ ಅಷ್ಟು ಹತ್ತಿರವಾಗಿದ್ದು ಆ ಕೆಲವು ವಾರ ಮಾತ್ರ.

ಧಾರಾವಾಹಿ ಅರ್ಧ ಮುಟ್ಟುವ ಹೊತ್ತಿಗೆ ಕೇಂದ್ರಕ್ಕೆ ಪತ್ರಗಳು ಗೋಣಿಚೀಲದಲ್ಲಿ ಬರತೊಡಗಿದವು. ಮೊದಮೊದಲು ಹೆದರಿದೆವು ಎಂದು ಬರೆದವರೇ ಈಗ ಬೇರೆ ರಾಗ ತೆಗೆದಿದ್ದರು. ಅವನ ಕಣ್ಣು ನೋಡಿದರೆ ಕರುಳು ಕಿತ್ತುಬರುತ್ತದೆ. ಶಾಪಕ್ಕೆ ಅವನೇನು ಮಾಡಿಯಾನು. ಹೆಂಡತಿಯೇ ಕಲ್ಲು, ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾಳಲ್ಲ, ಒಂದು ಸಲ ಪ್ರೀತಿಯಿಂದ ಮುಟ್ಟಿ ನೋಡಬಾರದೇ. ಹುಡುಗಿಯರು ತೋಳನ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದಾರೆ ಎಂದು ಮೇಕಪ್ಪಿನವನು ನಕ್ಕ. ಹೆಂಡತಿಯ ಪಾತ್ರ ಮಾಡುತ್ತಿದ್ದ ನಟಿಯನ್ನು ಅಂಗಡಿಯಲ್ಲಿ ಯಾರೋ ತಡೆದು ನಿಲ್ಲಿಸಿ ಉಗಿದಿದ್ದರು.

ಕೊನೆಯ ಕಂತು ಬರೆಯುವ ವಾರ ನಿರ್ದೇಶಕ ಅವಳನ್ನು ಕೋಣೆಗೆ ಕರೆದ. ನಟಿಯೂ ಅಲ್ಲೇ ಕೂತಿದ್ದಳು. ತೋಳವನ್ನು ಕೊಲ್ಲುವಂತಿಲ್ಲ ಎಂದ ಆತ. ಹೆಂಡತಿ ಬಂದೂಕು ಬಿಸಾಡಿ, ಓಡಿಹೋಗಿ ಅದನ್ನು ತಬ್ಬಿಕೊಳ್ಳಬೇಕು, ಅವಳ ಕಣ್ಣೀರು ಬಿದ್ದಲ್ಲಿ ರೋಮ ಉದುರಬೇಕು, ಅವನು ಮನುಷ್ಯನಾಗಬೇಕು. ಮೇಲಿನವರೂ ಒಪ್ಪಿಯಾಗಿದೆ, ಎರಡನೆಯ ಭಾಗಕ್ಕೂ ಮಾತು ನಡೆಯುತ್ತಿದೆ ಎಂದ. ಟೈಪಮ್ಮ ಗಡಿಯಾರದ ಮಾತು ಎತ್ತಿದಳು. ಕೈ ಎತ್ತುವ ಮುಂಚೆ ಗಡಿಯಾರ ಜೋಪಾನ ಮಾಡುವವನಿಗೆ ಎಂಥ ಶಾಪ ಸಾರ್ ಎಂದಳು. ನಿರ್ದೇಶಕ ಅರ್ಥವಾಗದೆ ಹುಬ್ಬೇರಿಸಿದ. ಅದೊಂದು ತಮಾಷೆ ತಾನೇ, ಕೊನೆಯ ಕಂತಿನಲ್ಲಿ ಅದನ್ನೂ ತೆಗೆದುಬಿಡೋಣ, ಭಾವನೆಗೆ ಅಡ್ಡ ಬರುತ್ತದೆ ಎಂದ. ನಟಿ ಮೆಲ್ಲಗೆ, ನಾನು ಗುಂಡು ಹಾರಿಸಿದರೆ ನಾಳೆಯಿಂದ ಬೀದಿಯಲ್ಲಿ ಓಡಾಡೋದು ಹೇಗೆ ಎಂದಳು. ಸುಳ್ಳು ಹೆದರಿಕೆಯಾಗಿರಲಿಲ್ಲ ಅದು.

ಟೈಪಮ್ಮ ಬರೆಯುವುದಿಲ್ಲ ಎಂದು ಎದ್ದಳು. ನಿರ್ದೇಶಕ ಜಗಳಕ್ಕೆ ಬರಲಿಲ್ಲ. ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ, ಅವರು ಬರೆದದ್ದನ್ನು ನೀವು ಟೈಪು ಮಾಡುತ್ತೀರಿ ಎಂದ, ಅಷ್ಟೇ. ಅವಳು ಬಾಗಿಲವರೆಗೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ವಾಪಸು ಬಂದು ಕೂತಳು. ಬೇರೆಯವರ ಕೈಗೆ ಹೋಗುವುದಕ್ಕಿಂತ ತನ್ನ ಕೈಯಲ್ಲೇ ಇರಲಿ ಎಂದು ತನಗೆ ತಾನೇ ಹೇಳಿಕೊಂಡಳು. ಬರೆದದ್ದು ಚೆನ್ನಾಗಿಯೇ ಬಂತು. ಕೈ ಪಳಗಿತ್ತಲ್ಲ. ಅಮ್ಮನಿಗೆ ಮಾತ್ರ ಹೇಳಲಿಲ್ಲ. ಆ ವಾರವೆಲ್ಲ ಅಮ್ಮ ಬಂದೂಕಿನ ಬಗ್ಗೆ ಕೇಳುತ್ತಿದ್ದಳು, ಆ ಹೆಂಗಸಿಗೆ ಅದನ್ನು ಹಿಡಿಯಲು ಬರುತ್ತದಾ, ಯಾರು ಕಲಿಸಿದರು ಎಂದು. ಟೈಪಮ್ಮ ನೋಡ್ತೀಯಲ್ಲ ಇರು ಎಂದು ಜಾರಿಕೊಂಡಳು.

ಗುರುವಾರ ಬಂತು. ಬೀದಿಯೇ ನುಗ್ಗಿದಂತಿತ್ತು, ಕಿಟಕಿಯ ಸರಳು ಹಿಡಿದು ಹೊರಗಿನಿಂದಲೂ ನೋಡುತ್ತಿದ್ದರು. ಅಮ್ಮ ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು, ಎಲ್ಲರಿಗಿಂತ ಮುಂದೆ ಕೂತಿದ್ದಳು. ಪರದೆಯ ಮೇಲೆ ಹೆಂಡತಿ ಬಂದೂಕು ಎತ್ತಿದಾಗ ಅಮ್ಮನ ಬೆನ್ನು ನೆಟ್ಟಗಾದದ್ದು ಹಿಂದೆ ಕೂತ ಮಗಳಿಗೆ ಕಂಡಿತು. ಆಮೇಲೆ ಬಂದೂಕು ಕೆಳಗೆ ಬಿತ್ತು. ಹೆಂಡತಿ ತೋಳುಗಳನ್ನು ಚಾಚಿ ಓಡಿದಳು. ಸಂಗೀತ ಏರಿತು. ಗೋಂದು ಬಿಡಿಸಿದ ಕೂದಲು ಎಳೆ ಎಳೆಯಾಗಿ ಉದುರಿ ಒಳಗಿಂದ ಆ ಸಾಧು ಮುಖ, ಆ ಕಣ್ಣು ಹೊರಬಂದವು. ಕೋಣೆಯಲ್ಲಿ ಕಣ್ಣೊರೆಸಿಕೊಳ್ಳದವರೇ ಇರಲಿಲ್ಲ.

ಅಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಟವೆಲಿನಿಂದ ಮುಖ ಒರೆಸಿಕೊಂಡು, ಸುತ್ತ ಕೂತವರಿಗೆ ಕೇಳುವಂತೆ ಹೇಳಿದ.

"ಅವನ ಕೈಲೇನಿತ್ತು ಪಾಪ. ಹೆಂಡತಿ ಅಂದ್ರೆ ಹೀಗಿರ್ಬೇಕು ನೋಡಿ."

ಎಲ್ಲರೂ ಹೌದೌದು ಎಂದರು. ಯಾರೋ ಅಮ್ಮನ ಕಡೆ ನೋಡಿ, ನಮ್ಮ ಅಮ್ಮಾವ್ರ ಥರ ಎಂದರು. ಅಮ್ಮ ಆಗಲೇ ಎದ್ದು ಚಾಪೆಯ ಮೇಲಿನ ಮಕ್ಕಳನ್ನು ದಾಟಿಕೊಂಡು ಅಡುಗೆಮನೆಗೆ ಹೋಗಿದ್ದಳು.

ಜನ ಚದುರಿದ ಮೇಲೆ ಟೈಪಮ್ಮ ಒಳಗೆ ಹೋದಳು. ಅಮ್ಮ ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ತಿರುಗಿ ನೋಡದೆ ಕೇಳಿದಳು.

"ನೀನು ಬರೆದದ್ದಾ, ಅವರು ಬದಲಾಯಿಸಿದ್ದಾ?"

ಅವರು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಕೆಲವು ವಾರಗಳ ಮೇಲೆ ಅಮ್ಮನಿಗೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವರು ಹೇಳಿದರು, ಬರೆದದ್ದು ನಾನೇ ಎಂದಳು.

ಅಮ್ಮ ನಲ್ಲಿ ನಿಲ್ಲಿಸಿದಳು.

"ನನ್ನ ಕೈಲಂತೂ ಆಗ್ಲಿಲ್ಲ. ಕಾಗದದ ಮೇಲಾದ್ರೂ ನಿನ್ನ ಕೈಲಾಗುತ್ತೆ ಅಂದ್ಕೊಂಡಿದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ. ಅಮ್ಮ ಲೋಟಗಳನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ಮಲಗಲು ಹೋದಳು.

ಧಾರಾವಾಹಿ ಗೆದ್ದಿತು. ನಿರ್ದೇಶಕನಿಗೆ ಹಾರ ಬಿತ್ತು, ಟೈಪಮ್ಮನಿಗೆ ಫ್ಯಾನಿರುವ ಪ್ರತ್ಯೇಕ ಕೋಣೆ ಸಿಕ್ಕಿತು. ಅಪ್ಪ ಬೀದಿಯಲ್ಲಿ ಎದೆಯುಬ್ಬಿಸಿ ನಡೆದ, ನನ್ನ ಮಗಳು ಕಲ್ಲು ಕರಗಿಸುವ ಹಾಗೆ ಬರೀತಾಳೆ ಎಂದು ಕಂಡಕಂಡವರಿಗೆ ಹೇಳಿದ. ಅದೇ ದಿನಗಳಲ್ಲಿ ಎದುರುಮನೆ ದರ್ಜಿಯ ಸೊಸೆ ಒಂದು ಮಧ್ಯಾಹ್ನ ತುಟಿ ಊದಿಸಿಕೊಂಡು ಇವರ ಮನೆಗೆ ಬಂದಳು. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ. ಅಮ್ಮ ಏನೂ ಕೇಳದೆ ಒದ್ದೆ ಬಟ್ಟೆ ಮಡಚಿ ತುಟಿಗೆ ಒತ್ತಿ ಹಿಡಿದಳು, ಇವತ್ತು ಇಲ್ಲೇ ಇರು ಎಂದಳು. ಸಂಜೆಗೆ ಅತ್ತೆ ಹುಡುಕಿಕೊಂಡು ಬಂದಳು. ಜಗಳವಾಡಲಿಲ್ಲ, ನಗುನಗುತ್ತಲೇ ಸೊಸೆಯ ಪಕ್ಕ ಕೂತು ಬುದ್ಧಿ ಹೇಳಿದಳು. ಕೋಪ ಬಂದಾಗ ಅವನು ಅವನಲ್ಲ ಕಣಮ್ಮ, ಟೀವಿಯಲ್ಲಿ ನೋಡಲಿಲ್ವಾ, ಆ ತೋಳವನ್ನೇ ಅವಳು ತಬ್ಬಿಕೊಂಡಳು, ನಿನ್ನ ಗಂಡ ಅದಕ್ಕಿಂತ ಕಡೆಯಾ ಎಂದಳು. ಬೇಕಾದರೆ ಬರೆದವರೇ ಇಲ್ಲಿದ್ದಾರೆ, ಕೇಳು ಎಂದು ಟೈಪಮ್ಮನತ್ತ ಕೈ ತೋರಿಸಿದಳು.

ಹುಡುಗಿ ಟೈಪಮ್ಮನನ್ನು ನೋಡಿದಳು. ಟೈಪಮ್ಮ, ಅದು ಬರೀ ಕತೆ, ಅದನ್ನೆಲ್ಲ ನಂಬಬೇಡ ಎಂದಳು. ಆ ಮಾತು ಅವಳ ಕಿವಿಗೇ ತೆಳುವಾಗಿ ಕೇಳಿಸಿತು, ಅತ್ತೆಯಂತೂ ಅದನ್ನು ವಿನಯವೆಂದುಕೊಂಡು ನಕ್ಕಳು. ಹುಡುಗಿ ಒದ್ದೆ ಬಟ್ಟೆಯನ್ನು ಮೇಜಿನ ಮೇಲಿಟ್ಟು ಅತ್ತೆಯ ಹಿಂದೆ ಹೋದಳು. ಅಮ್ಮ ಬಾಗಿಲವರೆಗೆ ಹೋಗಿ, ಅವರು ತಮ್ಮ ಮನೆ ಹೊಗುವ ತನಕ ನೋಡುತ್ತ ನಿಂತಳು.

ಆ ವಾರ ಟೈಪಮ್ಮ ಕೇಂದ್ರದ ತನ್ನ ಹೊಸ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೊನೆಯ ಕಂತನ್ನು ಇನ್ನೊಮ್ಮೆ ಬರೆದಳು, ಮೊದಲು ಅಂದುಕೊಂಡಂತೆ. ಗಡಿಯಾರ, ಚಿಲಕ, ಬಸ್ ನಿಲ್ದಾಣ, ಬಂದೂಕು. ಹೆಂಡತಿಯ ಗುರಿ ತಪ್ಪುವುದಿಲ್ಲ. ಸತ್ತ ಮೇಲೆ ತೋಳ ಮನುಷ್ಯನಾಗುವುದಿಲ್ಲ, ತೋಳವಾಗಿಯೇ ಬಿದ್ದಿರುತ್ತದೆ. ಅವಳು ಎಂದೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಅಪ್ಪ ನಲ್ಲಿ ರಿಪೇರಿಗೆಂದು ಹೊರಗೆ ಹೋದಾಗ ಅಮ್ಮನನ್ನು ಮಂಚದ ಮೇಲೆ ಕೂರಿಸಿ, ಎಡಗಡೆ ಕೂತು, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು.

ಗುಂಡಿನ ಜಾಗ ಬಂದಾಗ ಅಮ್ಮ ಕಣ್ಣು ಮುಚ್ಚಿಕೊಂಡಳು. ಓದಿ ಮುಗಿದ ಮೇಲೆ ಕೇಳಿದಳು.

"ಇದನ್ನ ಯಾರು ನೋಡ್ತಾರೆ ಈಗ?"

ನಿನಗೋಸ್ಕರ ಬರೆದೆ ಎಂದಳು ಮಗಳು.

"ನಂಗೆ ಗೊತ್ತಿರೋದನ್ನ ನಂಗೇ ಓದಿ ಹೇಳಿದ್ರೆ ಏನು ಬಂತು ಮಗಾ. ಅವರಿಗೆಲ್ಲ ಗೊತ್ತಾಗ್ಬೇಕಿತ್ತು."

ಕಿಟಕಿಯ ಹೊರಗೆ ಅಪ್ಪ ಯಾರದೋ ಮಗುವನ್ನು ನಗಿಸುತ್ತ ಬರುತ್ತಿದ್ದ. ಅಮ್ಮ ಎದ್ದು ಅವನಿಗೆ ಚಹಾಕ್ಕೆ ನೀರಿಟ್ಟಳು.

ಎರಡನೆಯ ಭಾಗ ಶುರುವಾಯಿತು. ಮೂರನೆಯದೂ ಬಂತು. ಎಲ್ಲವನ್ನೂ ಟೈಪಮ್ಮನೇ ಬರೆದಳು. ಬರೆಯದಿದ್ದರೆ ಬೇರೆಯವರು ಬರೆಯುತ್ತಿದ್ದರು, ಅದು ನಿಜವೇ. ಈಗ ತೋಳ ಕಳ್ಳರನ್ನು ಹಿಡಿಯುತ್ತಿತ್ತು, ಕಳೆದುಹೋದ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸುತ್ತಿತ್ತು. ಅಂಗಡಿಗಳಲ್ಲಿ ತೋಳನ ಗೊಂಬೆ ಬಂದವು, ಹತ್ತಿ ತುಂಬಿದ ಮೆತ್ತನೆಯವು. ದರ್ಜಿಯ ಸೊಸೆ ತನ್ನ ಕೂಸನ್ನು ಎತ್ತಿಕೊಂಡು ಗುರುವಾರ ಇವರ ಮನೆಗೇ ಬರುತ್ತಿದ್ದಳು, ಟೀವಿ ಇದ್ದದ್ದು ಇಲ್ಲೇ ಅಲ್ಲವೇ. ಅಪ್ಪ ತನ್ನ ಕುರ್ಚಿಯ ಪಕ್ಕದಲ್ಲೇ ಅವಳಿಗೆ ಜಾಗ ಮಾಡಿಕೊಡುತ್ತಿದ್ದ.

ಅಮ್ಮ ಮಾತ್ರ ಆ ಹೊತ್ತಿಗೆ ಹಿಂದಿನ ಮೆಟ್ಟಿಲ ಮೇಲೆ ಹೋಗಿ ಒಬ್ಬಳೇ ಕೂರುತ್ತಿದ್ದಳು. ಚಳಿಯಿದ್ದರೂ ಅಷ್ಟೇ. ಒಂದು ಗುರುವಾರ ನೆರೆಯ ಹೆಂಗಸರು, ಮಗಳೇ ಬರೆದದ್ದು, ಒಳಗೆ ಬಂದು ನೋಡಬಾರದೇ ಎಂದು ಕೈಹಿಡಿದು ಎಳೆದರು. ಅಮ್ಮ ಕೈ ಬಿಡಿಸಿಕೊಂಡು, ನಂಗೆ ಅದನ್ನ ನೋಡಿದ್ರೆ ಭಯ ಆಗುತ್ತೆ ಎಂದಳು.

ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ತೋಳಕ್ಕೆ ಈಗ ತೊಟ್ಟಿಲ ಕೂಸೂ ಹೆದರಲ್ಲ ಎಂದರು. ಟೈಪಮ್ಮ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಧಾರಾವಾಹಿಯ ಸಂಗೀತ ಶುರುವಾಗಿತ್ತು, ಅಪ್ಪ ಎಲ್ಲರನ್ನೂ ಬೇಗ ಬನ್ನಿ ಎಂದು ಕರೆಯುತ್ತಿದ್ದ. ಹೆಂಗಸರು ಒಳಗೆ ಓಡಿದರು. ಟೈಪಮ್ಮ ಅಮ್ಮನ ಪಕ್ಕದ ಮೆಟ್ಟಿಲ ಮೇಲೆ ಕೂರಲು ಹೋದಳು. ಅಮ್ಮ, ನೀನು ಹೋಗಿ ನೋಡು, ನಿನ್ನ ಕೆಲಸ ಅಲ್ವಾ ಎಂದಳು.